ಆ್ಯಪ್ ಮುಚ್ಚಿಟ್ಟರೆ ನಿಮ್ಮ ಕ್ಯಾರೆಕ್ಟರ್ ಶೀಟ್ ನಿಮಗೆ ಗೊತ್ತಿರುತ್ತಾ?

ಗುಡ್ಡದ_ಕೋಟೆ, ಬಳ್ಳಾರಿ

ಮಳೆ ಹಿಡಿದ ಮೇಲೆ ನಮ್ಮ ಟೇಬಲ್‌ನಲ್ಲಿ ಹೊಸ ಕ್ಯಾಂಪೇನ್ (ಹಲವು ಸಲ ಕೂತು ಆಡುವ ದೊಡ್ಡ ಕಥೆ) ಶುರು ಮಾಡುತ್ತಿದ್ದೇವೆ. ಡಿ ಆ್ಯಂಡ್ ಡಿ, ಅಂದರೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ದಾಳ ಹಾಕಿ ಕಥೆ ಕಟ್ಟುತ್ತಾ ಆಡುವ ಆಟ. ಐದನೇ ಎಡಿಶನ್, 2014 ರ ಪುಸ್ತಕ. ಡಿಎಂ, ಅಂದರೆ ಕಥೆ ನಡೆಸುವವನು, ನಾನು. ಸಂಡೂರಿನ ಗುಡ್ಡಗಳ ಥರದ ಒಂದು ನಾಡು, ಕೆಳಗೆ ಹಳೇ ಕಬ್ಬಿಣದ ಗಣಿ, ಗಣಿಯೊಳಗೆ ಏನೋ ಎದ್ದು ಕೂತಿದೆ. ಈ ಸಲ ಒಂದು ನಿಯಮ ಹಾಕಬೇಕು ಅಂತಿದ್ದೇನೆ. ಮೊದಲನೇ ಲೆವೆಲ್ ಕ್ಯಾರೆಕ್ಟರ್ ಅನ್ನು ಎಲ್ಲರೂ ಪೆನ್ಸಿಲ್ ಹಿಡಿದು ಕಾಗದದ ಮೇಲೆ ಮಾಡಬೇಕು. ಲೆಕ್ಕ ತಾನೇ ಹಾಕಿ ಕ್ಯಾರೆಕ್ಟರ್ ಮಾಡಿಕೊಡುವ ಬಿಲ್ಡರ್ ಆ್ಯಪ್ ಏನಿದ್ದರೂ ಆಮೇಲೆ. ಟೇಬಲ್‌ನಲ್ಲಿ ಅರ್ಧ ಜನ ಒಪ್ಪಿದ್ದಾರೆ, ಅರ್ಧ ಜನ ಬೇಡ ಅಂತಿದ್ದಾರೆ. ನಿಮ್ಮ ಅಭಿಪ್ರಾಯ ಬೇಕು.

ನನ್ನ ಕಾರಣ ಹೇಳುತ್ತೇನೆ. ಆ್ಯಪ್‌ನಲ್ಲಿ ಮಾಡಿದ ಕ್ಯಾರೆಕ್ಟರ್‌ನಲ್ಲಿ ಲೆಕ್ಕ ಸಾಮಾನ್ಯವಾಗಿ ಸರಿಯಾಗೇ ಇರುತ್ತೆ. ಆದರೆ ಆ ಲೆಕ್ಕ ಎಲ್ಲಿಂದ ಬಂತು ಅನ್ನೋದು ಆಡುವವರಿಗೆ ಗೊತ್ತಿರಲ್ಲ. ಉದಾಹರಣೆಗೆ ಎಸಿ, ಅಂದರೆ ನಿಮಗೆ ಏಟು ತಗಲೋಕೆ ಶತ್ರು ದಾಳದಲ್ಲಿ ಮುಟ್ಟಬೇಕಾದ ಅಂಕಿ. "ನಿನ್ನ ಎಸಿ ಎಷ್ಟು?" ಅಂದರೆ "18". "ಹೇಗೆ?" ಅಂದರೆ "ಇಲ್ಲಿ ಹಂಗೇ ಇದೆ". ಏನೂ ಬದಲಾಗದಿದ್ದರೆ ಇದು ನಡೆಯುತ್ತೆ. ಆಟದಲ್ಲಿ ಎಲ್ಲವೂ ಬದಲಾಗುತ್ತೆ. ಹಿಂದಿನ ಕ್ಯಾಂಪೇನ್‌ನಲ್ಲಿ ನಮ್ಮ ಫೈಟರ್ (ಆಯುಧ ಹಿಡಿದು ಹೋರಾಡುವ ಕ್ಯಾರೆಕ್ಟರ್) ಹೊಳೆ ದಾಟುವಾಗ ಹಗ್ಗ ಹಿಡಿಯೋಕೆ ಅಂತ ಗುರಾಣಿಯನ್ನ ನೀರಿಗೆ ಬಿಟ್ಟ. ಒಳ್ಳೇ ನಿರ್ಧಾರ. ಎಲ್ಲರೂ ಮುಂದಕ್ಕೆ ಬಾಗಿ ಕೂತಿದ್ದರು. ಆಚೆ ದಡದಿಂದ ಗಾಬ್ಲಿನ್‌ಗಳು ಬಾಣ ಬಿಟ್ಟವು. ಈಗ ಎಸಿ ಎಷ್ಟು? ಅವನು ಫೋನ್ ತೆಗೆದ, ಇನ್ವೆಂಟರಿಗೆ ಹೋದ, ಗುರಾಣಿ ಹುಡುಕಿದ, ಟಿಕ್ ತೆಗೆದ, ಪೇಜ್ ಲೋಡ್ ಆಗುವವರೆಗೆ ಕಾದ. ಅಷ್ಟರಲ್ಲಿ ಇಬ್ಬರು ಎದ್ದು ಚಹಾ ಬಗ್ಗಿಸಿಕೊಳ್ಳೋಕೆ ಹೋದರು. ಕಳೆಯಬೇಕಿದ್ದದ್ದು ಬರೀ 2.

ಮೊದಲನೇ ಲೆವೆಲ್‌ನ ಲೆಕ್ಕ ದೊಡ್ಡದೇನಲ್ಲ. 15, 14, 13, 12, 10, 8 ಅನ್ನೋ ಆರು ಅಂಕಿಗಳನ್ನ ಆರು ಸಾಮರ್ಥ್ಯಗಳಿಗೆ ಹಂಚಬೇಕು. ಮನುಷ್ಯ ಆದರೆ ಎಲ್ಲದಕ್ಕೂ 1 ಸೇರುತ್ತೆ. 15 ಅನ್ನು ಬಲಕ್ಕೆ ಕೊಟ್ಟರೆ 16. ಅದರಲ್ಲಿ 10 ಕಳೆದು ಅರ್ಧ ಮಾಡಿದರೆ ಮಾಡಿಫೈಯರ್ (ದಾಳಕ್ಕೆ ಸೇರಿಸುವ ಅಂಕಿ) 3. ಪ್ರೊಫಿಶಿಯೆನ್ಸಿ (ಪಳಗಿದ ಕೆಲಸಕ್ಕೆ ಸಿಗುವ ಅಂಕಿ) 2. ಹಾಗಾಗಿ ಕತ್ತಿ ಬೀಸುವಾಗ ಡಿ20 (20 ಮುಖದ ದಾಳ) ಗೆ 5 ಸೇರಿಸು. ಚೈನ್ ಮೇಲ್ ಕವಚ 16, ಗುರಾಣಿ 2, ಒಟ್ಟು 18. ಫೈಟರ್‌ಗೆ ಹಿಟ್ ಪಾಯಿಂಟ್ (ಎಷ್ಟು ಏಟು ತಡೆಯಬಹುದು ಅನ್ನೋ ಅಂಕಿ) 10, ಮೇಲೆ ಕಾನ್‌ಸ್ಟಿಟ್ಯೂಶನ್ (ದೇಹದ ಗಟ್ಟಿತನ) ಮಾಡಿಫೈಯರ್. ಮುಗೀತು. ಇದನ್ನ ಒಂದು ಸಲ ಕೈಯಾರೆ ಬರೆದವರು ಆಮೇಲೆ ಮರೆಯಲ್ಲ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ. ಕಥೆಯಲ್ಲಿ ನಾನು ಕ್ಯಾರೆಕ್ಟರ್‌ಗಳಿಗೆ ಏನೇನೋ ಕೊಡುತ್ತೇನೆ. ಗಣಿಯಲ್ಲಿ ಒಂದು ರಾತ್ರಿ ಸಿಕ್ಕಿಹಾಕಿಕೊಂಡ ಒಬ್ಬಳ ರೋಗ್ (ಕಳ್ಳರ ಥರದ ಕ್ಯಾರೆಕ್ಟರ್) ಗೆ ಕತ್ತಲಲ್ಲಿ ಕಬ್ಬಿಣದ ವಾಸನೆ ಹಿಡಿಯುವ ಶಕ್ತಿ ಕೊಟ್ಟಿದ್ದೆ. ಅವಳಿಗೆ ತುಂಬಾ ಖುಷಿ ಆಗಿತ್ತು. ಆದರೆ ಶೀಟ್‌ನಲ್ಲಿ ಅದಕ್ಕೊಂದು ಬಟನ್ ಇಲ್ಲ. ಅವಳು ಸರದಿ ಬಂದಾಗಲೆಲ್ಲ ಸ್ಕ್ರೀನ್ ನೋಡಿ, ಅಲ್ಲಿ ಇರುವ ಬಟನ್‌ಗಳಲ್ಲೇ ಒಂದನ್ನ ಆರಿಸುತ್ತಿದ್ದಳು. ಆ ಶಕ್ತಿ ಆಟದಲ್ಲಿ ಮತ್ತೆ ಬರಲೇ ಇಲ್ಲ. ಸ್ಕ್ರೀನ್ ಮೇಲೆ ಇಲ್ಲದ್ದನ್ನ ಮಾಡಬಹುದು ಅನ್ನೋದೇ ಈ ಆಟದ ಜೀವ ಅಲ್ವಾ?

ತೋರಣಗಲ್ಲು_ಸಿ_ಶಿಫ್ಟ್

ಅಣ್ಣ, ನೀವು ಹೇಳೋದು ಅರ್ಥ ಆಗುತ್ತೆ. ಆದರೂ ಆ ನಿಯಮ ಬೇಡ.

ನಾನು ಪ್ಲಾಂಟ್‌ನಲ್ಲಿ ಶಿಫ್ಟ್ ಕೆಲಸ ಮಾಡುತ್ತೇನೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿ ಎದ್ದರೆ ಆಟಕ್ಕೆ ಸಿಗೋದು ಭಾನುವಾರ ಸಂಜೆಯ ಮೂರು ಗಂಟೆ. ನನ್ನದು 9 ನೇ ಲೆವೆಲ್ ಕ್ಲೆರಿಕ್, ದೇವರ ಶಕ್ತಿಯಿಂದ ಮಂತ್ರ ಹಾಕುವ ಪೂಜಾರಿ. ದಿನಾ ಬೆಳಿಗ್ಗೆ ಇಡೀ ಕ್ಲೆರಿಕ್ ಪಟ್ಟಿಯಿಂದ ಸ್ಪೆಲ್ (ಮಂತ್ರ) ಆರಿಸಿ ಸಿದ್ಧ ಮಾಡಿಕೊಳ್ಳಬೇಕು. ಲೆವೆಲ್ 9, ವಿಸ್‌ಡಮ್ (ವಿವೇಕ) ನಿಂದ 4, ಒಟ್ಟು 13. ಅದರ ಮೇಲೆ ಡೊಮೇನ್ (ಕ್ಲೆರಿಕ್ ಆರಿಸಿಕೊಂಡ ದೈವಿಕ ಕ್ಷೇತ್ರ) ನಿಂದ ಬಂದ 10. ಅಂದರೆ 23 ಸ್ಪೆಲ್ ಕೈಯಲ್ಲಿ. ಒಂದೊಂದಕ್ಕೂ ದೂರ ಬೇರೆ, ಸಮಯ ಬೇರೆ, ಕಾನ್ಸಂಟ್ರೇಶನ್ ಬೇಕೋ ಬೇಡವೋ ಬೇರೆ. ಪುಸ್ತಕ ತಿರುವಿ ಬರೆಯುತ್ತಾ ಕೂತರೆ ನನ್ನ ಮೂರು ಗಂಟೆ ಅಲ್ಲೇ ಹೋಗುತ್ತೆ. ಆ್ಯಪ್ ಇರೋದಕ್ಕೇ ನಾನು ಆಡ್ತಿದ್ದೀನಿ. ಇಲ್ಲದಿದ್ದರೆ ಬಿಟ್ಟುಬಿಡುತ್ತಿದ್ದೆ.

ಕಬ್ಬಿಣದ ವಾಸನೆ ವಿಷಯಕ್ಕೆ: ಬಹಳಷ್ಟು ಆ್ಯಪ್‌ಗಳಲ್ಲಿ ನೋಟ್ಸ್ ಬರೆಯೋಕೆ, ಕಸ್ಟಮ್ ಐಟಂ ಮಾಡೋಕೆ ಜಾಗ ಇದೆ.

ಬಿಸಿಲೂರು, ರಾಯಚೂರು

ನಾನೂ ಒಂದು ಮಾತು ಸೇರಿಸುತ್ತೇನೆ. ನನ್ನ ತಮ್ಮ ನಮ್ಮ ಗುಂಪಿನಲ್ಲೇ ಅತ್ಯಂತ ಚೆನ್ನಾಗಿ ಆಡುವವನು. ಅವನ ವಾರ್‌ಲಾಕ್ (ಒಂದು ಥರದ ಮಾಂತ್ರಿಕ) ಬಾಯಿ ತೆಗೆದರೆ ಟೇಬಲ್ ಸುಮ್ನಾಗುತ್ತೆ. ಆದರೆ ಚಿಕ್ಕಂದಿನಿಂದ ಅವನಿಗೆ ಬರೆದ ಅಂಕಿಗಳು ಹಿಂದುಮುಂದಾಗಿ ಕಾಣುತ್ತವೆ. ಸ್ಕೂಲಿನಲ್ಲಿ ಇದಕ್ಕಾಗಿ ಬಹಳ ಬೈಸಿಕೊಂಡಿದ್ದಾನೆ. ಬಿಲ್ಡರ್‌ನಲ್ಲಿ ಒಂದು ಸಾಲು ಒತ್ತಿದರೆ ದಾಳ ಉರುಳಿ ಕೂಡಿಸಿದ ಉತ್ತರ ಬರುತ್ತೆ. ಮೊದಲ ಸಲ ಅದನ್ನ ನೋಡಿದಾಗ ಅವನ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ಎಲ್ಲರ ಮುಂದೆ ಪೆನ್ಸಿಲ್ ಕೊಟ್ಟು "ಮಾಡು" ಅಂದರೆ ಅವನು ಎದ್ದು ಹೋಗುತ್ತಾನೆ. ನಿಯಮ ಹಾಕುವಾಗ ಇಂಥವರನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಗುಡ್ಡದ_ಕೋಟೆ, ಬಳ್ಳಾರಿ

ಅಕ್ಕ, ಇದನ್ನ ಹೇಳಿದ್ದಕ್ಕೆ ಥ್ಯಾಂಕ್ಸ್. ಇಂಥ ಯಾರನ್ನೂ ನಾನು ಪರೀಕ್ಷೆಗೆ ಕೂರಿಸಲ್ಲ. ನನಗೆ ಬೇಕಿರೋದು ಬರವಣಿಗೆ ಅಲ್ಲ, ತಿಳಿವಳಿಕೆ. ನಿಮ್ಮ ತಮ್ಮ ನಮ್ಮ ಟೇಬಲ್‌ಗೆ ಬಂದರೆ ಪಕ್ಕದಲ್ಲಿ ಕೂತು ನಾನೇ ಬರೆಯುತ್ತೇನೆ. "ನಿನ್ನ ವಾರ್‌ಲಾಕ್‌ಗೆ ಮಾತೇ ಬಲ, ಅದಕ್ಕೆ ಕರಿಸ್ಮಾಗೆ ದೊಡ್ಡ ಅಂಕಿ ಕೊಟ್ಟಿದ್ದೀವಿ, ನೀನು ಹಾಕೋ ಸ್ಪೆಲ್‌ನಿಂದ ಶತ್ರು ತಪ್ಪಿಸಿಕೊಳ್ಳೋದು ಕಷ್ಟ ಆಗೋದು ಅದರಿಂದಲೇ" ಅಂತ ಬಾಯಲ್ಲೇ ಹೇಳುತ್ತೇನೆ. ಆಮೇಲೆ ಅವನು ಆರಾಮಾಗಿ ಆ್ಯಪ್‌ನಲ್ಲೇ ಆಡಲಿ.

ಶಿಫ್ಟ್ ತಮ್ಮಾ, ನೋಟ್ಸ್ ಇದೆ, ಗೊತ್ತು. ಅದು ಎಷ್ಟನೇ ಟ್ಯಾಬ್‌ನಲ್ಲಿ ಇದೆ ಹೇಳು. ಸರದಿ ಬಂದಾಗ ಅಲ್ಲಿಗೆ ಯಾರೂ ಹೋಗಲ್ಲ. ನಿನ್ನ ಕ್ಲೆರಿಕ್ ಸ್ಪೆಲ್‌ಗಳ ಮಾತು ಮಾತ್ರ ಪೂರ್ತಿ ಒಪ್ಪುತ್ತೇನೆ. ಅದಕ್ಕೇ ನಾನು ಮೊದಲನೇ ಲೆವೆಲ್ ಅಂದಿದ್ದು.

ಸೋನಾಮಸೂರಿ, ಗಂಗಾವತಿ

ಎಲ್ಲರೂ ಟೇಬಲ್ ಬಗ್ಗೆ ಮಾತಾಡ್ತಿದ್ದೀರಿ. ನನ್ನ ಚಿಂತೆ ಬೇರೆ. ಆ್ಯಪ್ ನಾಳೆ ಇರುತ್ತಾ?

ಇದು ಸುಮ್ನೆ ಹೆದರಿಕೆ ಅಲ್ಲ, ಹಿಂದೆ ಆಗಿದ್ದೇ. 2000 ರಲ್ಲಿ ಡಿ ಆ್ಯಂಡ್ ಡಿ ಮೂರನೇ ಎಡಿಶನ್ ಬಂದಾಗ ಮೊದಮೊದಲ ಪ್ರತಿಗಳ ಜೊತೆ ಕ್ಯಾರೆಕ್ಟರ್ ಮಾಡುವ ಸಿಡಿ ಕೊಟ್ಟಿದ್ದರು. ಆಗ ಅದು ಪುಸ್ತಕದ ಜೊತೆಗಿನ ಉಡುಗೊರೆ ಅಷ್ಟೇ. 2008 ರಲ್ಲಿ ನಾಲ್ಕನೇ ಎಡಿಶನ್ ಬಂತು. ಆ ಆಟದಲ್ಲಿ ಫೈಟರ್‌ಗೂ ಪವರ್‌ಗಳ ಸಾಲು. ಹೊಸ ಪುಸ್ತಕ ಬಂದಷ್ಟೂ ಪಟ್ಟಿ ಉದ್ದ. ಹಾಗಾಗಿ ಬಿಲ್ಡರ್ ಬಹಳ ಜನಕ್ಕೆ ಅನಿವಾರ್ಯ ಆಯ್ತು. ಮೊದಲು ಅದನ್ನ ಕಂಪ್ಯೂಟರ್‌ಗೆ ಡೌನ್‌ಲೋಡ್ ಮಾಡಿಕೊಳ್ಳಬಹುದಿತ್ತು. 2010 ರ ಕೊನೆಗೆ ಅದನ್ನ ವೆಬ್‌ಗೆ ತಂದರು, ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ ಅನ್ನೋ ತಂತ್ರಾಂಶದ ಮೇಲೆ. ಸಿಲ್ವರ್‌ಲೈಟ್ ಕಾಲ ಮುಗಿಯುತ್ತಾ ಬಂತು. 2020 ಶುರುವಾಗುವ ಹೊತ್ತಿಗೆ ಆ ಸೇವೆಯನ್ನೇ ಮುಚ್ಚಿದರು. ಪುಸ್ತಕ ಕಪಾಟಿನಲ್ಲಿ ಇದ್ದವರು ಇವತ್ತಿಗೂ ನಾಲ್ಕನೇ ಎಡಿಶನ್ ಆಡಬಹುದು. ಬರೀ ಬಿಲ್ಡರ್ ನಂಬಿದವರ ಕೈಯಲ್ಲಿ, ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದರೆ ಅದು, ಇಲ್ಲದಿದ್ದರೆ ಏನೂ ಇಲ್ಲ.

ಈಗ ಬಹಳ ಜನ ಬಳಸೋದು ಡಿ ಆ್ಯಂಡ್ ಡಿ ಬಿಯಾಂಡ್ ಅನ್ನೋ ಬಿಲ್ಡರ್. 2017 ರಲ್ಲಿ ಶುರು ಮಾಡಿದ್ದು ಬೇರೆ ಕಂಪನಿ. 2022 ರಲ್ಲಿ ಆಟದ ಮಾಲೀಕ ಕಂಪನಿ ಹ್ಯಾಸ್‌ಬ್ರೋ ಅದನ್ನ 14 ಕೋಟಿ 63 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಅಂದರೆ ಆಟದ ನಿಯಮ ಬರೆಯುವವರು, ಪುಸ್ತಕ ಮಾರುವವರು, ನಿಮ್ಮ ಶೀಟ್ ಇಟ್ಟುಕೊಳ್ಳುವವರು, ಎಲ್ಲ ಒಂದೇ ಮನೆ. 2024 ರ ಆಗಸ್ಟ್‌ನಲ್ಲಿ ಅದರ ಪರಿಣಾಮ ಕಾಣಿಸಿತು. ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ (ಆಡುವವರ ನಿಯಮ ಪುಸ್ತಕ) ಸೆಪ್ಟೆಂಬರ್‌ನಲ್ಲಿ ಬರುವುದಿತ್ತು. ಅದಕ್ಕೆ ಮುಂಚೆ, ಶೀಟ್‌ಗಳಲ್ಲಿರುವ ಹಳೇ ಸ್ಪೆಲ್, ಹಳೇ ಮ್ಯಾಜಿಕ್ ಐಟಂಗಳ ಜಾಗಕ್ಕೆ ಹೊಸವು ಬರುತ್ತವೆ ಅಂತ ಹೇಳಿದರು. ಹಳೇದೇ ಬೇಕಾದರೆ ನೀವೇ ಕೂತು ಒಂದೊಂದಾಗಿ ಕಸ್ಟಮ್ ಸ್ಪೆಲ್ ಮಾಡಿಕೊಳ್ಳಬೇಕಿತ್ತು. ದುಡ್ಡು ಕೊಟ್ಟು 2014 ರ ಪುಸ್ತಕ ಕೊಂಡವರಿಗೂ ಅದೇ. ಆಡುವವರು ಸಿಟ್ಟಿಗೆದ್ದರು. ಕೆಲವೇ ದಿನದಲ್ಲಿ ಕಂಪನಿ ನಿರ್ಧಾರ ವಾಪಸ್ ತೆಗೆದುಕೊಂಡಿತು. ಸಂತೋಷ. ಆದರೆ ಯೋಚನೆ ಮಾಡಿ. ನಡುವೆ ನಡೀತಿರೋ ಕ್ಯಾಂಪೇನ್‌ನಲ್ಲಿ ನಿಮ್ಮ ಸ್ಪೆಲ್ ಏನು ಮಾಡುತ್ತೆ ಅನ್ನೋದನ್ನ ನಿಮ್ಮ ಡಿಎಂ ಅಲ್ಲದ ಯಾರೋ ಬದಲಾಯಿಸಬಹುದು. ಕಾಗದದ ಮೇಲೆ ಬರೆದದ್ದನ್ನ ಯಾರೂ ಹಾಗೆ ಬದಲಾಯಿಸೋಕೆ ಆಗಲ್ಲ.

ನಾನು ಆಡೋದು ಪಾತ್‌ಫೈಂಡರ್ ಅನ್ನೋ ಇಂಥದೇ ಇನ್ನೊಂದು ಆಟದ ಎರಡನೇ ಎಡಿಶನ್. ಫೀಟ್‌ಗಳು (ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯಗಳು) ಸಿಕ್ಕಾಪಟ್ಟೆ, ಪ್ರತಿ ಲೆವೆಲ್‌ಗೂ ಏನಾದರೂ ಆರಿಸಬೇಕು. ಅದರ ಬಿಲ್ಡರ್ ಆ್ಯಪ್ ಪಾತ್‌ಬಿಲ್ಡರ್ ಇಲ್ಲದೆ ನಾನೂ ಮಾಡಲ್ಲ. ಆದರೂ ನನಗೆ ಹೆದರಿಕೆ ಕಡಿಮೆ. ಯಾಕಂದರೆ ಆ ಆಟದ ನಿಯಮಗಳೆಲ್ಲ ಆರ್ಕೈವ್ಸ್ ಆಫ್ ನೆತಿಸ್ ಅನ್ನೋ ವೆಬ್‌ಸೈಟ್‌ನಲ್ಲಿ, ಕಂಪನಿಯ ಒಪ್ಪಿಗೆಯಿಂದಲೇ, ಪುಕ್ಕಟೆ ಓದೋಕೆ ಸಿಗುತ್ತವೆ. ಬಿಲ್ಡರ್ ಒಂದು ಕಡೆ, ನಿಯಮ ಇನ್ನೊಂದು ಕಡೆ. ಬಿಲ್ಡರ್ ಹೋದರೆ ಬಿಲ್ಡರ್ ಮಾತ್ರ ಹೋಗುತ್ತೆ. ಹಳೇ ಎಡಿಶನ್ ಆಡುವ ಗೆಳೆಯರಿಗೆ ನಾನು ಪಿಸಿಜೆನ್ ಅನ್ನೋ ಬಿಲ್ಡರ್ ಹೇಳುತ್ತೇನೆ. ಓಪನ್ ಸೋರ್ಸ್, ಇಂಟರ್‌ನೆಟ್ ಇಲ್ಲದೆ ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತೆ. ನೋಡೋಕೆ ಚೆಂದ ಇಲ್ಲ, ಆದರೆ ಯಾರೂ ಬಂದು ಬಾಗಿಲು ಹಾಕಲ್ಲ.

ತೋರಣಗಲ್ಲು_ಸಿ_ಶಿಫ್ಟ್

2024 ರ ವಿಷಯ ನನಗೆ ಗೊತ್ತೇ ಇರಲಿಲ್ಲ. ಈಗಲೇ ಹೋಗಿ ಕ್ಲೆರಿಕ್‌ದು ಪಿಡಿಎಫ್ ಇಳಿಸಿಕೊಳ್ಳುತ್ತೇನೆ.

ಕಿನ್ನಾಳ_ಬೊಂಬೆ, ಕೊಪ್ಪಳ

ನಾನು ಹೈಸ್ಕೂಲ್ ಟೀಚರ್. ಶನಿವಾರ ಮಧ್ಯಾಹ್ನ ಒಂದಿಷ್ಟು ಮಕ್ಕಳಿಗೆ ಈ ಆಟ ಆಡಿಸುತ್ತೇನೆ. ಅವರ ಹತ್ತಿರ ಫೋನ್ ಇಲ್ಲ. ಇಂಗ್ಲಿಷ್ ಶೀಟ್ ಕೊಟ್ಟರೆ ಮೊದಲ ಹತ್ತು ನಿಮಿಷದಲ್ಲೇ ಅರ್ಧ ಮಕ್ಕಳು ಮಂಕಾಗುತ್ತಾರೆ. ಅದಕ್ಕೆ ನಾನು ಎ4 ಹಾಳೆಯ ಎರಡೂ ಬದಿ ಬರುವಂತೆ ಕನ್ನಡದಲ್ಲೇ ಒಂದು ಶೀಟ್ ಮಾಡಿದ್ದೇನೆ. ಸ್ಕೂಲ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸುತ್ತೇನೆ.

ಇದಕ್ಕೆ ಕಾನೂನಿನ ತೊಂದರೆ ಇಲ್ಲ, ಹೇಳಿಬಿಡುತ್ತೇನೆ. 2023 ರ ಜನವರಿಯಲ್ಲಿ, ಆಟದ ನಿಯಮಗಳನ್ನ ಬೇರೆಯವರು ಬಳಸೋಕೆ ಇದ್ದ ಲೈಸೆನ್ಸ್ ಬದಲಾಯಿಸುವ ಗಲಾಟೆ ಆಯ್ತಲ್ಲ, ಜನ ಸಾಲುಸಾಲಾಗಿ ಸಬ್‌ಸ್ಕ್ರಿಪ್ಶನ್ ರದ್ದು ಮಾಡಿದರಲ್ಲ, ಅದು ಮುಗಿದಾಗ ಕಂಪನಿ ಐದನೇ ಎಡಿಶನ್‌ನ ಮೂಲ ನಿಯಮಗಳ ದಾಖಲೆ, ಎಸ್‌ಆರ್‌ಡಿ 5.1 ಅನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಕೊಟ್ಟಿತು. ಮೂಲದ ಹೆಸರು ಹೇಳಿದರೆ ಸಾಕು, ಯಾರು ಬೇಕಾದರೂ ಅನುವಾದ ಮಾಡಬಹುದು, ಹಂಚಬಹುದು, ಮಾರಲೂಬಹುದು. ಕೊಟ್ಟದ್ದನ್ನ ಅವರು ವಾಪಸ್ ತೆಗೆದುಕೊಳ್ಳೋಕೆ ಬರಲ್ಲ. ಅದರಲ್ಲಿ ಪ್ರತಿ ಕ್ಲಾಸ್‌ಗೂ (ಫೈಟರ್, ಕ್ಲೆರಿಕ್ ಥರದವು) ಒಂದೇ ಸಬ್‌ಕ್ಲಾಸ್ (ಅದರ ಒಳವಿಧ) ಇದೆ. ಮಕ್ಕಳಿಗೆ ಅಷ್ಟು ಧಾರಾಳ ಸಾಕು.

ಒಂದು ಹುಡುಗಿಯ ಶೀಟ್ ಈಗ ನನ್ನ ಮುಂದೆಯೇ ಇದೆ. ರೇಂಜರ್. ಕವಚ ಅನ್ನೋ ಸಾಲಿನಲ್ಲಿ "ಅಜ್ಜಿ ಕಂಬಳಿ" ಅಂತ ಬರೆದಿದ್ದಾಳೆ. ದಪ್ಪ ಕುರಿ ಉಣ್ಣೆಯದು, ಬಾಣ ನಾಟಲ್ಲ ಅಂತ ಅವಳ ವಾದ. ನಾನು ಲೆದರ್ ಆರ್ಮರ್ ಲೆಕ್ಕ ಹಿಡಿದೆ. 11, ಅವಳ ಚುರುಕಿಗೆ 3, ಒಟ್ಟು 14. ಪಕ್ಕದಲ್ಲಿ 11 + 3 ಅಂತ ಅವಳೇ ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ಆಟದಲ್ಲಿ ಮಳೆ ಬಂದು ಕಂಬಳಿ ನೆನೆದಾಗ "ಟೀಚರ್, ನೆಂದರೆ ಭಾರ ಆಗುತ್ತೆ, ನನಗೆ 3 ಸಿಗಬಾರದು, 1 ಕಡಿಮೆ ಮಾಡಿ" ಅಂದಳು. ನಿಯಮದಲ್ಲಿ ಅದು ಇಲ್ಲ. ತನಗೆ ನಷ್ಟ ಆಗುವ ಮಾತನ್ನ ತಾನೇ ಹೇಳಿದಳು, ಯಾಕಂದರೆ ಆ 14 ಎಲ್ಲಿಂದ ಬಂತು ಅಂತ ಅವಳಿಗೆ ಗೊತ್ತಿತ್ತು. ಬಿಲ್ಡರ್‌ನಲ್ಲಿ ಹೆಸರು ಬದಲಾಯಿಸಬಹುದು, ನಿಜ. ಈ ಮಾತು ಹುಟ್ಟುತ್ತಿತ್ತಾ ಅನ್ನೋದು ನನ್ನ ಪ್ರಶ್ನೆ.

ಮ್ಯಾಪ್ ಮೇಲೆ ಇಡೋಕೆ ನಮ್ಮಲ್ಲಿ ಪ್ಲಾಸ್ಟಿಕ್ ಮಿನಿಯೇಚರ್ ಇಲ್ಲ. ಕಿನ್ನಾಳದ ಚಿಕ್ಕ ಬೊಂಬೆಗಳನ್ನೇ ಇಡುತ್ತೇವೆ. ಬಣ್ಣ ಎಷ್ಟು ಚೆಂದ ಅಂದರೆ ಡ್ರ್ಯಾಗನ್‌ಗಿಂತ ಮಕ್ಕಳಿಗೆ ಅದೇ ಇಷ್ಟ.

ಬಿಸಿಲೂರು, ರಾಯಚೂರು

ಅಕ್ಕೋರೇ, ಆ ಕನ್ನಡ ಶೀಟ್ ನಮಗೂ ಬೇಕು. ಅಕ್ಷರ ಸ್ವಲ್ಪ ದೊಡ್ಡದಾಗಿ, ಅಂಕಿಯ ಬಾಕ್ಸ್‌ಗಳ ನಡುವೆ ಜಾಗ ಜಾಸ್ತಿ ಬಿಟ್ಟು ಕೊಟ್ಟರೆ ನನ್ನ ತಮ್ಮನಿಗೂ ಆಗಬಹುದು.

ಹೊಸಬ, ಸಿಂಧನೂರು

ಎಲ್ಲರೂ ಇರುವಾಗ ನನ್ನದೊಂದು ಡೌಟ್ ಕೇಳಿಬಿಡ್ತೀನಿ. ನನ್ನದು 3 ನೇ ಲೆವೆಲ್ ಮಂಕ್ (ಹೋರಾಡುವ ಸನ್ಯಾಸಿ). ಡೆಕ್ಸ್ (ಚುರುಕು) 16, ವಿಸ್‌ಡಮ್ 14. ಎಸಿ 15 ಇತ್ತು. ನಮ್ಮ ವಿಝರ್ಡ್ (ಮಾಂತ್ರಿಕ) ನನ್ನ ಮೇಲೆ ಮೇಜ್ ಆರ್ಮರ್ ಅನ್ನೋ ರಕ್ಷಣೆಯ ಸ್ಪೆಲ್ ಹಾಕಿದ. ಅದು 13 ಕೊಡುತ್ತೆ, ಮಾಮೂಲಿ 10 ರ ಬದಲು. ಅಂದರೆ 3 ಸೇರಿ 18 ಆಗಬೇಕು ಅಲ್ವಾ? ಆ್ಯಪ್ 16 ತೋರಿಸ್ತಿದೆ. ಬಗ್ ಇರಬಹುದಾ?

ಗುಡ್ಡದ_ಕೋಟೆ, ಬಳ್ಳಾರಿ

ಬಗ್ ಅಲ್ಲ, ಆ್ಯಪ್ ಸರಿಯಾಗಿದೆ. ಬಿಡಿಸಿ ಹೇಳುತ್ತೇನೆ.

ಎಸಿ ಲೆಕ್ಕ ಹಾಕೋಕೆ ಆಟದಲ್ಲಿ ಬೇರೆ ಬೇರೆ ದಾರಿ ಇವೆ. ಒಂದು ಸಲಕ್ಕೆ ಒಂದೇ ದಾರಿ ಹಿಡಿಯಬೇಕು. ಮಂಕ್‌ನ ದಾರಿ: 10, ಡೆಕ್ಸ್, ವಿಸ್‌ಡಮ್. ನಿನಗೆ 10 + 3 + 2, ಅಂದರೆ 15. ಮೇಜ್ ಆರ್ಮರ್‌ದು ಇನ್ನೊಂದು ದಾರಿ: 13, ಡೆಕ್ಸ್. ಅದರಲ್ಲಿ ವಿಸ್‌ಡಮ್ ಬರಲ್ಲ. 13 + 3, ಅಂದರೆ 16. ಎರಡರಲ್ಲಿ ದೊಡ್ಡದನ್ನ ಆ್ಯಪ್ ಆರಿಸಿದೆ. ನೀನು ಎರಡೂ ದಾರಿಯಿಂದ ಒಳ್ಳೊಳ್ಳೇದನ್ನ ಎತ್ತಿಕೊಂಡು 18 ಮಾಡಿದ್ದೀಯ. ಹಾಗೆ ಬೆರೆಸೋಕೆ ಬರಲ್ಲ.

ಇದು ಗೊತ್ತಾದರೆ ಏನು ಲಾಭ ನೋಡು. ನಿಮ್ಮ ವಿಝರ್ಡ್ ಒಂದು ಸ್ಪೆಲ್ ಸ್ಲಾಟ್ (ಇಷ್ಟೇ ಸಲ ಅಂತ ಇರುವ ಸ್ಪೆಲ್ ಹಾಕುವ ಅವಕಾಶ) ಖರ್ಚು ಮಾಡಿ ನಿನಗೆ ಕೊಟ್ಟದ್ದು ಬರೀ 1. 4 ನೇ ಲೆವೆಲ್‌ನಲ್ಲಿ ನೀನು ವಿಸ್‌ಡಮ್ ಅನ್ನು 16 ಮಾಡಿಕೊಂಡರೆ ನಿನ್ನ ಸ್ವಂತ ಎಸಿಯೇ 16. ಆಮೇಲೆ ಆ ಸ್ಪೆಲ್ ನಿನ್ನ ಮೇಲೆ ಹಾಕೋದು ದಂಡ. ಅದೇ ಸ್ಲಾಟ್‌ನಲ್ಲಿ ಅವನು ಶತ್ರುಗಳನ್ನ ನಿದ್ದೆ ಮಾಡಿಸಬಹುದು, ತನ್ನನ್ನೇ ಕಾಪಾಡಿಕೊಳ್ಳಬಹುದು. ಈ ಮಾತು ನೀವಿಬ್ಬರೂ ಟೇಬಲ್‌ನಲ್ಲಿ ಆಡಬೇಕಾದದ್ದು. 16 ಅಂತ ಮಾತ್ರ ಕಂಡರೆ ಆ ಮಾತು ಬರೋದೇ ಇಲ್ಲ. ಹಾಂ, ಇನ್ನೊಂದು. ಗುರಾಣಿ ಮಾತ್ರ ಎತ್ತಿಕೊಳ್ಳಬೇಡ. ಮಂಕ್ ಗುರಾಣಿ ಹಿಡಿದರೆ ವಿಸ್‌ಡಮ್ ಸೇರುವ ಲಾಭ ಹೋಗುತ್ತೆ. ಬಾರ್ಬೇರಿಯನ್‌ಗೆ ಹಾಗಿಲ್ಲ, ಅವನು ಹಿಡಿಯಬಹುದು.

ಹೊಸಬ, ಸಿಂಧನೂರು

ಈಗ ಅರ್ಥ ಆಯ್ತು ಅಣ್ಣ. ಇಷ್ಟು ದಿನ ಆಡಿದರೂ ಎಸಿಗೆ ಇಂಥ ದಾರಿ ಇದೆ ಅಂತ ಯಾರೂ ಹೇಳಿರಲಿಲ್ಲ. ವಿಝರ್ಡ್‌ಗೆ ಇವತ್ತೇ ಹೇಳ್ತೀನಿ.

ಸೋನಾಮಸೂರಿ, ಗಂಗಾವತಿ

ಕೋಟೆ ಅಣ್ಣ, ಈ ಉತ್ತರವೇ ನಿಮ್ಮ ನಿಯಮದ ಪರವಾಗಿ ಎಲ್ಲಕ್ಕಿಂತ ಗಟ್ಟಿ ವಾದ. ಆದರೆ ಇನ್ನೊಂದು ಪಾಲು ಡಿಎಂದು. ಬಿಲ್ಡರ್ ಇದೆ ಅಂತ ನಾವೂ ಹೇಳಿಕೊಡೋದನ್ನ ಬಿಟ್ಟಿದ್ದೇವೆ. ಲಿಂಕ್ ಕಳಿಸಿ "ಮಾಡ್ಕೊಂಡು ಬಾ" ಅಂತೀವಿ. ಮೊದಲು ಹೊಸಬರ ಪಕ್ಕದಲ್ಲಿ ಯಾರಾದರೂ ಕೂರುತ್ತಿದ್ದರು.

ತೋರಣಗಲ್ಲು_ಸಿ_ಶಿಫ್ಟ್

ಒಪ್ಪಿದೆ. ಮೇಲಿನ ಉತ್ತರ ಓದಿ ನನ್ನ ಕ್ಲೆರಿಕ್‌ನ ಸೇವ್ ಡಿಸಿ (ಸ್ಪೆಲ್‌ನಿಂದ ತಪ್ಪಿಸಿಕೊಳ್ಳೋಕೆ ಶತ್ರು ಮುಟ್ಟಬೇಕಾದ ಅಂಕಿ) ನಾನೇ ಹಾಕಿ ನೋಡಿದೆ. 8, ಪ್ರೊಫಿಶಿಯೆನ್ಸಿ 4, ವಿಸ್‌ಡಮ್ 4, ಒಟ್ಟು 16. ಆ್ಯಪ್‌ನಲ್ಲೂ 16. ಖುಷಿ ಆಯ್ತು. ಸ್ಪೆಲ್ ಪಟ್ಟಿಗೆ ಮಾತ್ರ ನಾನು ಆ್ಯಪ್ ಬಿಡಲ್ಲ.

ಗುಡ್ಡದ_ಕೋಟೆ, ಬಳ್ಳಾರಿ

ಬಿಡಬೇಡ. ಇಷ್ಟು ಮಾತಾದ ಮೇಲೆ ನಮ್ಮ ಟೇಬಲ್‌ಗೆ ಹೀಗೆ ಮಾಡುತ್ತಿದ್ದೇನೆ. ಮೊದಲ ಭಾನುವಾರ ಆಟ ಇಲ್ಲ. ಎಲ್ಲರೂ ನಮ್ಮ ಮನೆಗೆ ಬಂದು ಒಟ್ಟಿಗೆ ಕೂತು ಕಾಗದದ ಮೇಲೆ ಕ್ಯಾರೆಕ್ಟರ್ ಮಾಡೋದು. ಬರೆಯೋಕೆ ಕಷ್ಟ ಇರುವವರಿಗೆ ಪಕ್ಕದವರು ಬರೆಯಲಿ. ಎರಡನೇ ಲೆವೆಲ್‌ನಿಂದ ಆ್ಯಪ್ ಯಾರಿಗೆ ಬೇಕೋ ಅವರು ಬಳಸಲಿ. ಆದರೆ ಪ್ರತಿ ಲೆವೆಲ್ ಅಪ್ ಆದಾಗ ಒಂದು ಪ್ರಿಂಟ್ ತೆಗೆದು ಫೈಲ್‌ಗೆ ಹಾಕಬೇಕು. ಆ ಫೈಲ್ ನನ್ನ ಹತ್ತಿರ ಇರುತ್ತೆ. ನಾನು ಕಥೆಯಲ್ಲಿ ಕೊಡುವ ಶಕ್ತಿಗಳನ್ನ ಚಿಕ್ಕ ಕಾರ್ಡ್ ಮೇಲೆ ಬರೆದು ಕೈಗೇ ಕೊಡುತ್ತೇನೆ, ದಾಳದ ಪಕ್ಕ ಇಟ್ಟುಕೊಳ್ಳಲಿ.

ಅಕ್ಕೋರೇ, ನಿಮ್ಮ ಶೀಟ್‌ನಲ್ಲಿ ಎಸಿ ಪಕ್ಕ ಅವಳು 11 + 3 ಅಂತ ಬರೆದಿದ್ದಾಳೆ ಅಂದಿರಲ್ಲ. ಅಲ್ಲೇ "ಎಲ್ಲಿಂದ ಬಂತು" ಅಂತ ಒಂದು ಖಾಲಿ ಸಾಲು ಇಡೋಕೆ ಆಗುತ್ತಾ? ಹಿಟ್ ಪಾಯಿಂಟ್‌ಗೂ, ಅಟ್ಯಾಕ್‌ಗೂ.

ಕಿನ್ನಾಳ_ಬೊಂಬೆ, ಕೊಪ್ಪಳ

ಆಗುತ್ತೆ. ಎಸಿ, ಹಿಟ್ ಪಾಯಿಂಟ್, ಅಟ್ಯಾಕ್, ಸೇವ್ ಡಿಸಿ, ನಾಲ್ಕಕ್ಕೂ ಸಾಲು ಹಾಕುತ್ತೇನೆ. ರಾಯಚೂರಿನ ಅಕ್ಕನಿಗೆ ದೊಡ್ಡ ಅಕ್ಷರದ್ದು ಬೇರೆ ಮಾಡುತ್ತೇನೆ. ಅದರಲ್ಲಿ ಒಂದು ಬಾಕ್ಸ್‌ಗೆ ಒಂದೇ ಅಂಕಿ. ಸ್ಪೆಲ್‌ಗಳಿಗೆ ಹಿಂಬದಿಯಲ್ಲಿ ಇರುವ ಜಾಗ ಮೊದಲ ನಾಲ್ಕೈದು ಲೆವೆಲ್‌ಗೆ ಸಾಕು, ಆಮೇಲೆ ಇನ್ನೊಂದು ಹಾಳೆ ಬೇಕು. ಮಂಕ್‌ಗೆ ಕಿ ಪಾಯಿಂಟ್ (ವಿಶೇಷ ಪಟ್ಟುಗಳಿಗೆ ಖರ್ಚು ಮಾಡುವ ಶಕ್ತಿ) ಹೊಡೆದು ಹಾಕೋಕೆ ಸಣ್ಣ ವೃತ್ತಗಳೂ ಬೇಕಲ್ವಾ? ಸಿಂಧನೂರಿನ ತಮ್ಮಾ, ಎಷ್ಟು ವೃತ್ತ ಇಡಲಿ ಹೇಳು. 10 ಇಟ್ಟರೆ 10 ನೇ ಲೆವೆಲ್‌ವರೆಗೆ ಬರುತ್ತೆ.

ಹೊಸಬ, ಸಿಂಧನೂರು

10 ಸಾಕು ಟೀಚರ್.